ವಿದ್ಯೆಯ ಆಸ್ತಿಯಲ್ಲಿ ದೃಷ್ಟಿಹೀನರ ಪಾಲು

ಪಿತ್ರಾರ್ಜಿತವಾದ ಆಸ್ತಿಯಲ್ಲಿ ಮಗನಿಗೆ ಸ್ವತ್ವವು ಹುಟ್ಟುವುದು ತಂದೆಯ ಮರಣದಿಂದಲೋ, ವಿಭಾಗವಾದುದರಿಂದಲೋ, ಇಲ್ಲವೆ ಆ ಮನೆಯಲ್ಲಿ ಜನ್ಮವೆತ್ತಿದ ಮಾತ್ರದಿಂದಲೋ ಎಂಬುದು ನಮ್ಮ ಧರ್ಮಶಾಸ್ತ್ರಕಾರರನ್ನು ಬಹುಕಾಲ ಕಾಡಿದ ಪ್ರಶ್ನೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆ ಚರ್ಚೆಯಲ್ಲಿ ದೃಢವಾಗಿ ಜನ್ಮದ ಪಕ್ಷವನ್ನು ಹಿಡಿದನು. ಹಿರಿಯರ ಸೊತ್ತು ಮಕ್ಕಳಿಗೂ ಮೊಮ್ಮಕ್ಕಳಿಗೂ ಹುಟ್ಟಿನಿಂದಲೇ ಸಲ್ಲುವ ‘ಅಪ್ರತಿಬಂಧ ದಾಯ’. ಯಾರ ಅನುಗ್ರಹವನ್ನೂ ಅದು ಕಾಯಬೇಕಾಗಿಲ್ಲ. ಕನ್ನಡ ನಾಡಿನಲ್ಲಿ ಕುಳಿತು ಬರೆದ ಈ ಒಂದು ಸಿದ್ಧಾಂತವು ಮುಂದೆ ಬಂಗಾಳದಂಥ ಪ್ರದೇಶಗಳನ್ನುಳಿದು ಭಾರತದ ಬಹುಭಾಗದ ನ್ಯಾಯಾಲಯಗಳನ್ನು ಆಳಿತು. ಆದರೆ ಜನ್ಮಸ್ವತ್ವವನ್ನು ಇಷ್ಟು ಉದಾರವಾಗಿ ಸಾರಿದ ಆ ಗ್ರಂಥದಲ್ಲಿಯೇ, ಅದಕ್ಕೆ ಮೂಲವಾದ ಸ್ಮೃತಿಯನ್ನನುಸರಿಸಿ, ಪಾಲಿಗೆ ಅನರ್ಹರಾದವರ ಒಂದು ಪಟ್ಟಿಯೂ ಉಂಟು; ಆ ಪಟ್ಟಿಯಲ್ಲಿ ಅಂಧನೂ ಉಂಟು. ಅವನಿಗೆ ಅಂಶವಿಲ್ಲ, ಅನ್ನವಸ್ತ್ರಗಳನ್ನು ಕೊಟ್ಟು ಅವನನ್ನು ಸಲಹತಕ್ಕದ್ದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ವಿಧಿಯೂ ಇದೇ.

ಈ ವಿಧಿಯನ್ನು ಕ್ರೌರ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ಕ್ರೌರ್ಯಕ್ಕಿಂತ ಸೂಕ್ಷ್ಮವಾದ ಒಂದು ಮನೋಧರ್ಮ. ಅದರಲ್ಲಿ ಕರುಣೆಯಿದೆ, ಪೋಷಣೆಯ ಹೊಣೆಯಿದೆ, ಪೋಷಿಸದವನಿಗೆ ಪಾತಕದ ಭಯವೂ ಇದೆ. ಇಲ್ಲದಿರುವುದು ಒಂದೇ: ‘ಇದು ನನ್ನದೂ ಹೌದು’ ಎಂದು ಆ ಮನೆಯ ನಡುವೆ ನಿಂತು ಹೇಳುವ ಅಧಿಕಾರ. ಬ್ರಿಟಿಷ್ ಭಾರತದಲ್ಲಿ 1928ರ ಶಾಸನವೊಂದು, ದೇಹದ ಊನವೆಂಬ ಕಾರಣಮಾತ್ರದಿಂದ ಹಿಂದೂ ದಾಯಾದನನ್ನು ಪಾಲಿನಿಂದ ಹೊರಗಿಡಕೂಡದೆಂದು ವಿಧಿಸಿ, ಹೊಲಮನೆಗಳ ಮಟ್ಟಿಗೆ ಈ ನಿಷೇಧವನ್ನು ತೊಡೆಯಿತು. ವಿದ್ಯೆಯೆಂಬ ಆಸ್ತಿಯ ಮಟ್ಟಿಗೆ ಅದು ತೊಡೆದುಹೋಗಿದೆಯೆ? ಊರೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಾಲುಗಟ್ಟಿ ನಿಂತಿರುವ ಗ್ರಂಥಗಳ ಮುಂದೆ ದೃಷ್ಟಿಯಿಲ್ಲದವನೊಬ್ಬನು ಬಂದು ನಿಂತಾಗ, ಅವನನ್ನು ನಾವು ಪಾಲುದಾರನೆಂದು ಎಣಿಸುತ್ತೇವೆಯೋ, ಸಲಹಬೇಕಾದವನೆಂದು ಮಾತ್ರ ಎಣಿಸುತ್ತೇವೆಯೋ? ಪ್ರಸ್ತುತ ವಿಚಾರವು ಈ ಪ್ರಶ್ನೆಯನ್ನು ಕುರಿತದ್ದು.

ವಿದ್ಯಾದಾನವನ್ನು ಈ ನಾಡು ಕೊಂಡಾಡಿದಷ್ಟು ಬೇರೆ ನಾಡು ಕೊಂಡಾಡಿರಲಾರದು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿಯೆನಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು 1000 ಪ್ರತಿಗಳಾಗಿ ಓಲೆಯ ಮೇಲೆ ಬರೆಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನವು ವೇದಶಾಸ್ತ್ರಗಳ ಉಪಾಧ್ಯಾಯರೊಡನೆ ಪುಸ್ತಕಗಳ ರಕ್ಷಣೆಗೆ ನಿಯುಕ್ತರಾದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಇಂತಹ ಪರಂಪರೆಯವರಿಗೆ, ಅಂಧರಿಗಾಗಿ ಒಂದು ಕಪಾಟಿನಷ್ಟು ಬ್ರೈಲ್ ಪುಸ್ತಕಗಳನ್ನು ಇಡುವುದು ಮತ್ತೊಂದು ಪುಣ್ಯಕಾರ್ಯವೆಂದು ತೋರುವುದು ಸಹಜ. ಆದರೆ ದಾನಕ್ಕೆ ಒಂದು ಸ್ವಭಾವವುಂಟು: ಏನನ್ನು, ಎಷ್ಟನ್ನು, ಯಾವಾಗ ಕೊಡಬೇಕೆಂಬುದನ್ನು ಕೊಡುವವನು ನಿಶ್ಚಯಿಸುತ್ತಾನೆ, ಪಡೆಯುವವನು ಕೃತಜ್ಞನಾಗಿರುತ್ತಾನೆ. ಅಂಧ ವಾಚಕರಿಗೆ ಇದುವರೆಗೆ ದೊರೆತದ್ದನ್ನು ನೋಡಿದರೆ ಈ ಸ್ವಭಾವವು ಸ್ಪಷ್ಟವಾಗುತ್ತದೆ. ಶಾಲೆಯ ಪಠ್ಯಪುಸ್ತಕಗಳು ದೊರೆತಿವೆ, ಏಕೆಂದರೆ ಅವು ಅವಶ್ಯಕ. ಸ್ತೋತ್ರಗಳೂ ಪುರಾಣಗಳೂ ದೊರೆತಿವೆ, ಏಕೆಂದರೆ ಅವು ಶ್ರೇಯಸ್ಕರ. ಹಳೆಯ ಕಾದಂಬರಿಯನ್ನು ನಿಂದಿಸುವ ಹೊಸ ವಿಮರ್ಶೆ, ಭೂಕಂದಾಯದ ಕಾನೂನು, ಪ್ರೇಮಕವನ, ನಾಸ್ತಿಕವಾದ, ಅಡುಗೆಯ ಪುಸ್ತಕ, ಏನೂ ಪ್ರಯೋಜನವಿಲ್ಲದೆ ಕೇವಲ ವಿನೋದಕ್ಕಾಗಿ ಬರೆದ ಹರಟೆ, ಇವು ದೊರೆತಿರುವುದು ತೀರ ವಿರಳ. ದೃಷ್ಟಿಯುಳ್ಳವನು ಗ್ರಂಥಾಲಯವನ್ನು ಹೊಕ್ಕು ಕೆಲಸಕ್ಕೆ ಬಾರದ ಪುಸ್ತಕವೊಂದನ್ನು ಕೈಗೆತ್ತಿಕೊಂಡು ಹತ್ತು ಪುಟ ಓದಿ ಬೇಸತ್ತು ಕೆಳಗಿಡುವ ಸ್ವಾತಂತ್ರ್ಯವನ್ನು ಯಾರ ಅಪ್ಪಣೆಯೂ ಇಲ್ಲದೆ ಅನುಭವಿಸುತ್ತಾನೆ. ಆ ಸ್ವಾತಂತ್ರ್ಯವು ದಾನದ ಲೆಕ್ಕದಲ್ಲಿ ಬರುವುದಿಲ್ಲ, ದಾಯದ ಲೆಕ್ಕದಲ್ಲಿ ಬರುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಈ ಸಂದರ್ಭದಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಸ್ವತಃ ಅಂಧರಾದ ಪಂಚಾಕ್ಷರ ಗವಾಯಿಗಳೂ, ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳೂ ಅನಾಥ ಬಾಲಕರನ್ನು ಸಂಗೀತಕೋವಿದರನ್ನಾಗಿ ಮಾಡಿದ ಪರಿ ಅಸಾಧಾರಣವಾದದ್ದು. ಪುಟ್ಟರಾಜರಂತೂ ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆಯನ್ನೂ ಮಾಡಿ, ಗಾಯಕನಾದ ಅಂಧನು ಗ್ರಂಥಕರ್ತನೂ ಆಗಬಲ್ಲನೆಂಬುದನ್ನು ತಮ್ಮ ಬಾಳಿನಿಂದಲೇ ಸಾಧಿಸಿ ತೋರಿದರು. ಆದರೆ ಲೋಕವು ಅವರಿಂದ ಕಲಿತದ್ದು ಅರ್ಧ ಪಾಠವನ್ನು ಮಾತ್ರ. ಅಂಧನಿಗೆ ಸಂಗೀತ ಒಪ್ಪುತ್ತದೆಂದು ಅದು ಒಪ್ಪಿತು. ಅಂಧನಿಗೆ ಇಷ್ಟಬಂದದ್ದೆಲ್ಲ ಒಪ್ಪುತ್ತದೆಂದು ಒಪ್ಪಲಿಲ್ಲ.

ಇಲ್ಲಿ ತಾತ್ತ್ವಿಕನೊಬ್ಬನು ಎದ್ದು ಆಕ್ಷೇಪಿಸಬಹುದು. ಗ್ರಂಥವೆಂಬುದು ಕಣ್ಣಿಗಾಗಿ ಮಾಡಿದ ವಸ್ತು. ಕಣ್ಣಿಲ್ಲದವನಿಗೆ ಅದು ಎಟಕದಿರುವುದು ಪ್ರಕೃತಿಯ ನಿಯಮವೇ ಹೊರತು ಸಮಾಜದ ಅನ್ಯಾಯವಲ್ಲ ಎಂದು. ಈ ಆಕ್ಷೇಪಕ್ಕೆ ನಮ್ಮ ಪ್ರಾಚೀನ ಪರಂಪರೆಯೇ ಉತ್ತರವನ್ನು ಕೊಡುತ್ತದೆ. ಋಗ್ವೇದದ ಮೊದಲನೆಯ ಮಂಡಲದಲ್ಲಿ ಅತ್ಯಂತ ಗೂಢವೂ ಗಹನವೂ ಆದ ಸೂಕ್ತವೊಂದಕ್ಕೆ ಋಷಿಯೆನಿಸಿದ ದೀರ್ಘತಮಸ್ಸು ಜನ್ಮಾಂಧನೆಂದು ಮಹಾಭಾರತವು ಹೇಳುತ್ತದೆ. ಮಂತ್ರವನ್ನು ‘ಕಂಡವನು’ ಋಷಿಯೆಂದು ಸಾರಿದ ಸಂಪ್ರದಾಯವು ಈ ಅಂಧನನ್ನು ದ್ರಷ್ಟಾರನೆಂದು ಕರೆಯಲು ಲೇಶವೂ ಹಿಂಜರಿಯಲಿಲ್ಲ. ಅದೇ ಕಥೆಯಲ್ಲಿ, ಅವನ ಹೆಂಡತಿ ಮಕ್ಕಳೇ ಅವನು ಹೊರೆಯೆಂದು ಬಗೆದು ಗಂಗೆಯಲ್ಲಿ ತೇಲಿಬಿಟ್ಟರೆಂಬುದೂ ಉಂಟು. ಜ್ಞಾನದ ದೃಷ್ಟಿಯಿಂದ ಪೂಜ್ಯನಾದವನು ಗೃಹದ ದೃಷ್ಟಿಯಿಂದ ಹೊರೆ; ಈ ಇಬ್ಬಂದಿತನವು ನಮ್ಮಲ್ಲಿ ಇನ್ನೂ ಸಂಪೂರ್ಣವಾಗಿ ಅಳಿದಿಲ್ಲ.

ಬೃಹದಾರಣ್ಯಕದಲ್ಲಿ ಜನಕನು ಯಾಜ್ಞವಲ್ಕ್ಯನನ್ನು ಕೇಳುವ ಪ್ರಶ್ನೆಯು ಈ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಮನುಷ್ಯನು ಯಾವ ಜ್ಯೋತಿಯನ್ನು ಆಶ್ರಯಿಸಿ ವ್ಯವಹರಿಸುತ್ತಾನೆ? ಸೂರ್ಯನೆಂಬ ಉತ್ತರ ಬಂದಾಗ, ಸೂರ್ಯನು ಮುಳುಗಿದ ಮೇಲೆ? ಚಂದ್ರನು. ಚಂದ್ರನೂ ಮುಳುಗಿದ ಮೇಲೆ? ಅಗ್ನಿಯು. ಅಗ್ನಿಯೂ ಆರಿದ ಮೇಲೆ? ಆಗ ಋಷಿಯು ಹೇಳುವುದು ವಾಕ್ಕನ್ನು: ತನ್ನ ಕೈ ತನಗೇ ಕಾಣದಷ್ಟು ಕತ್ತಲೆಯಲ್ಲಿಯೂ ಮಾತು ಕೇಳಿಬಂದ ಕಡೆಗೆ ಮನುಷ್ಯನು ನಡೆಯುತ್ತಾನೆ. ವಾಕ್ಕೂ ಶಾಂತವಾದ ಮೇಲೆ ಉಳಿಯುವುದು ಆತ್ಮಜ್ಯೋತಿ. ವೇದಾಂತಿಗಳು ಈ ಸಂವಾದದ ಕೊನೆಯ ಮೆಟ್ಟಿಲನ್ನೇ ಮುಖ್ಯವೆಂದು ಹಿಡಿಯುವುದು ಯುಕ್ತ. ಆದರೆ ನಾಲ್ಕನೆಯ ಮೆಟ್ಟಿಲನ್ನು ಅಲಕ್ಷಿಸಬೇಕಾಗಿಲ್ಲ. ಬೆಳಕುಗಳೆಲ್ಲ ಆರಿದಲ್ಲಿ ಮಾತೇ ಬೆಳಕೆನ್ನುವ ಈ ಉಪದೇಶದ ಪ್ರಕಾರ, ಗ್ರಂಥದ ಸಾರವು ಅದರೊಳಗಿನ ವಾಕ್ಕು. ಮಸಿ, ಕಾಗದ, ಅಕ್ಷರದ ಆಕಾರಗಳು ಆ ವಾಕ್ಕು ತೊಟ್ಟ ಉಡುಪುಗಳು. ನೈಯಾಯಿಕರ ಮತದಲ್ಲಿಯೂ ಪ್ರತ್ಯಕ್ಷವೆಂಬುದು ಚಕ್ಷುರಿಂದ್ರಿಯಕ್ಕೆ ಮೀಸಲಾದದ್ದಲ್ಲ. ಶ್ರೋತ್ರವೂ ತ್ವಕ್ಕೂ ಅದಕ್ಕೆ ಸಮಾನವಾದ ದ್ವಾರಗಳು. ಕುಮಾರವ್ಯಾಸನ ಭಾರತವನ್ನು ಗಮಕಿಯು ಓದುತ್ತಿರಲು ಜಗಲಿಯಲ್ಲಿ ಕುಳಿತು ಕೇಳಿ ಬಾಯಿಪಾಠ ಮಾಡಿಕೊಂಡ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ಓದು ಬರುತ್ತಿತ್ತು, ಎಷ್ಟು ಮಂದಿಗೆ ಕಣ್ಣು ಚೆನ್ನಾಗಿತ್ತು ಎಂದು ಆ ಕಾವ್ಯವು ವಿಚಾರಿಸಲಿಲ್ಲ.

ಹಾಗಾದರೆ ಕೇಳಿಸಿದರೆ ಸಾಕಲ್ಲವೆ, ಯಾರಾದರೂ ಓದಿ ಹೇಳಿದರೆ ಪಾಲು ಸಂದಂತಾಯಿತಲ್ಲವೆ ಎಂದು ಕೇಳಬಹುದು. ಸಾಲದು. ಭಗವದ್ಗೀತೆಯನ್ನು ನಮಗೆ ತಲಪಿಸಿದ ಚೌಕಟ್ಟು ಅಂಧನೊಬ್ಬನ ಪ್ರಶ್ನೆ ಮತ್ತು ಅವನಿಗೆ ವರದಿಯನ್ನು ಒಪ್ಪಿಸುವ ಸಂಜಯನ ಉತ್ತರ. ಯುದ್ಧವನ್ನು ಕಾಣಲು ಕಣ್ಣುಗಳನ್ನು ಕೊಡುವೆನೆಂದು ವ್ಯಾಸರು ಹೇಳಿದಾಗ ಧೃತರಾಷ್ಟ್ರನು ಬಂಧುಗಳ ವಧೆಯನ್ನು ನೋಡಲಾರೆನೆಂದು ಅದನ್ನು ನಿರಾಕರಿಸಿ, ಕೇಳುವುದನ್ನೇ ವರಿಸಿದನು. ಆದುದರಿಂದ ಕೇಳುವುದು ಅವನಿಗೆ ತಾನೇ ಆರಿಸಿಕೊಂಡ ಮಾರ್ಗವಾಯಿತು. ಇಂದಿನ ಅಂಧ ವಾಚಕನಿಗೆ ಆ ಆಯ್ಕೆಯಿಲ್ಲ. ಓದಿ ಹೇಳುವವರ ಬಿಡುವು, ಅವರ ಅಭಿರುಚಿ, ಅವರ ಸಂಕೋಚ, ಅವರ ಆಕಳಿಕೆ, ಇವುಗಳೊಳಗಿಂದ ಜಾರಿ ಬಂದಷ್ಟೇ ಅವನ ಸಾಹಿತ್ಯ. ಶ್ರವಣದ ಬಳಿಕ ಮನನ, ಮನನದ ಬಳಿಕ ನಿದಿಧ್ಯಾಸನವೆಂದು ನಮ್ಮವರು ಕ್ರಮವನ್ನು ಹೇಳಿದ್ದಾರಷ್ಟೆ. ಮನನಕ್ಕೆ ನಿಲ್ಲುವ, ಹಿಂದಕ್ಕೆ ಹೋಗುವ, ಒಂದು ವಾಕ್ಯವನ್ನು ಹತ್ತು ಸಲ ತಿರುಗಿ ನೋಡುವ, ಸಂದೇಹ ಬಂದಾಗ ಬೇರೊಂದು ಗ್ರಂಥದ ಜೊತೆಗಿಟ್ಟು ಹೋಲಿಸುವ ಏಕಾಂತ ಬೇಕು. ಮತ್ತೊಬ್ಬರ ಕಂಠವನ್ನು ಅವಲಂಬಿಸಿದ ಶ್ರವಣದಲ್ಲಿ ಆ ಏಕಾಂತವು ದುರ್ಲಭ.

ಬ್ರೈಲ್ ಲಿಪಿಯ ಮಹಿಮೆ ಇರುವುದು ಇಲ್ಲಿ. ಪ್ಯಾರಿಸ್ಸಿನಲ್ಲಿ 1785ರ ಸುಮಾರಿಗೆ ವಾಲೆಂತೀನ್ ಆಯುಯಿ ಎಂಬ ಸಹೃದಯನು ಅಂಧರಿಗಾಗಿ ಶಾಲೆಯನ್ನು ತೆರೆದು, ಸಾಮಾನ್ಯ ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಪುಸ್ತಕಗಳನ್ನು ಮಾಡಿಸಿದನು. ಉದ್ದೇಶವು ಶ್ಲಾಘ್ಯವೇ, ಆದರೆ ಆ ಅಕ್ಷರಗಳು ನೋಡುವ ಕಣ್ಣಿಗೆ ಸುಂದರವಾಗಿ, ತಡಕುವ ಬೆರಳಿಗೆ ಕಷ್ಟವಾಗಿದ್ದವು, ಅಂಧನು ತಾನಾಗಿ ಅವುಗಳಲ್ಲಿ ಬರೆಯುವುದಂತೂ ಅಸಾಧ್ಯವಾಗಿತ್ತು. ತಂದೆಯ ಜೀನುಗಾರಿಕೆಯ ಅಂಗಡಿಯಲ್ಲಿ ಆಡುತ್ತ ಮೂರನೆಯ ವಯಸ್ಸಿನಲ್ಲಿ ದಬ್ಬಣ ತಗಲಿ ದೃಷ್ಟಿಯನ್ನು ನೀಗಿಕೊಂಡ ಲೂಯಿ ಬ್ರೈಲ್, ಅದೇ ಶಾಲೆಯ ವಿದ್ಯಾರ್ಥಿಯಾಗಿ, ಸೈನಿಕರು ಕತ್ತಲೆಯಲ್ಲಿ ಓದಲೆಂದು ಬಾರ್ಬಿಯೇ ಎಂಬಾತನು ಕಲ್ಪಿಸಿದ್ದ ಚುಕ್ಕಿಗಳ ಬರೆಹವನ್ನು ಸಂಸ್ಕರಿಸಿ, ಬೆರಳ ತುದಿಯೊಂದರ ಅಳವಿಗೆ ಸರಿಹೊಂದುವ ಆರು ಚುಕ್ಕಿಗಳಲ್ಲಿ 63 ಸಂಕೇತಗಳ ವ್ಯವಸ್ಥೆಯನ್ನು ರಚಿಸಿದನು. ಆಗ ಅವನಿಗೆ ಹದಿನೈದು ವರ್ಷ. ಅದು ಅಚ್ಚಾದದ್ದು 1829ರಲ್ಲಿ. ಫ್ರಾನ್ಸ್ ದೇಶವು ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ. ನಡುವಣ ವಿಳಂಬಕ್ಕೆ ಕಾರಣವನ್ನು ಹುಡುಕಿದರೆ, ತಮಗೆ ಓದಲು ಬಾರದ ಲಿಪಿಯನ್ನು ತಮ್ಮ ಶಿಷ್ಯರು ಓದುವರೆಂಬ ದೃಷ್ಟಿಯುಳ್ಳ ಉಪಾಧ್ಯಾಯರ ಅಸಮಾಧಾನವೂ ಅದರಲ್ಲಿ ಸೇರಿತ್ತೆಂದು ಕಾಣುತ್ತದೆ. ದಾನಕ್ಕೂ ದಾಯಕ್ಕೂ ಇರುವ ಅಂತರವನ್ನು ಈ ಎರಡು ಲಿಪಿಗಳ ಇತಿಹಾಸವು ತೋರಿಸುವಷ್ಟು ನಿಚ್ಚಳವಾಗಿ ಶಾಸ್ತ್ರಗ್ರಂಥವೂ ತೋರಿಸಲಾರದು.

ನಮ್ಮ ದೇಶದಲ್ಲಿ ಪ್ರಾಂತಪ್ರಾಂತಕ್ಕೆ ಬೇರೆಬೇರೆಯಾಗಿದ್ದ ಬ್ರೈಲ್ ಪದ್ಧತಿಗಳು 1951ರಲ್ಲಿ ಭಾರತೀ ಬ್ರೈಲ್ ಎಂಬ ಒಂದೇ ಪದ್ಧತಿಯಾಗಿ ಏಕೀಭವಿಸಿದವು. ಅದರಲ್ಲಿ ಚುಕ್ಕಿಗಳು ಅನುಸರಿಸುವುದು ಧ್ವನಿಯನ್ನು. ಕನ್ನಡದ ಕಕಾರಕ್ಕೂ ಹಿಂದಿಯ, ತಮಿಳಿನ, ಬಂಗಾಳಿಯ ಕಕಾರಕ್ಕೂ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ ಗುರುತು. ಕಣ್ಣುಳ್ಳವರಾದ ನಾವು ಒಂದೊಂದು ಭಾಷೆಗೂ ಒಂದೊಂದು ಲಿಪಿಯನ್ನು ಕಲಿಯಬೇಕಾಗಿರುವಲ್ಲಿ, ಬೆರಳಿನಿಂದ ಓದುವವರಿಗೆ ಭಾರತದ ಭಾಷೆಗಳೆಲ್ಲಕ್ಕೂ ಲಿಪಿಯೊಂದೇ. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯು 1901ರಷ್ಟು ಹಿಂದೆಯೇ ಆರಂಭವಾಗಿತ್ತು. ಅದೇ ನಗರದ ಸರಕಾರಿ ಬ್ರೈಲ್ ಮುದ್ರಣಾಲಯದಿಂದ ಕನ್ನಡ ಪಠ್ಯಗಳು ಹೊರಬರುತ್ತಿವೆ. ಆದರೆ ಬ್ರೈಲ್ ಪುಸ್ತಕವು ದಪ್ಪ ಕಾಗದವನ್ನೂ ಹೆಚ್ಚು ಸ್ಥಳವನ್ನೂ ಬೇಡುತ್ತದೆ. ಮಧ್ಯಮಗಾತ್ರದ ಕಾದಂಬರಿಯೊಂದು ಹಲವು ಸಂಪುಟಗಳಾಗಿ ಉಬ್ಬುತ್ತದೆ. ಎಲ್ಲ ಗ್ರಂಥಗಳನ್ನೂ ಎಲ್ಲ ಊರುಗಳಲ್ಲಿಯೂ ಹೀಗೆ ಇಡುವುದು ಆಗದ ಮಾತೆಂಬುದು ಬಹುಕಾಲದವರೆಗೆ ನಿಜವಾಗಿತ್ತು.

ಈಗ ಅದು ನಿಜವಲ್ಲ. ಪ್ರಸ್ತುತ ಪ್ರಶ್ನೆಯು ಧರ್ಮದ ಪ್ರಶ್ನೆಯಾಗುವುದು ಈ ಕಾರಣದಿಂದಲೇ, ಏಕೆಂದರೆ ಅಶಕ್ಯವಾದುದರಲ್ಲಿ ಕರ್ತವ್ಯವಿಲ್ಲ, ಶಕ್ಯವಾದೊಡನೆ ಅದು ತಲೆಯ ಮೇಲೆ ಬಂದು ಕೂಡುತ್ತದೆ. ಕಂಪ್ಯೂಟರಿನಲ್ಲಿರುವ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಡೈಸಿ ಎಂಬ ವಿನ್ಯಾಸದಲ್ಲಿ ಸಿದ್ಧಪಡಿಸಿದ ಧ್ವನಿಪುಸ್ತಕದಲ್ಲಿ ಕೇಳುಗನು ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ತನ್ನಿಚ್ಛೆಯಂತೆ ಹೋಗಬಲ್ಲನು; ಮನನಕ್ಕೆ ಬೇಕಾದ ನಿಲುಗಡೆಯೂ ಹಿನ್ನಡೆಯೂ ಅವನ ಕೈಯಲ್ಲಿಯೇ ಇರುತ್ತವೆ. ಇಷ್ಟಿದ್ದೂ ಕನ್ನಡ ಗ್ರಂಥಗಳು ಅವನಿಗೆ ಬಾಯಿ ತೆರೆಯದಿರುವುದು ಏಕೆ? ಬಹುಮಟ್ಟಿಗೆ ಪುಸ್ತಕದ ದೋಷದಿಂದ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಅಚ್ಚುಜೋಡಿಸಿದ ಪಠ್ಯವು ತೆರೆಯ ಮೇಲೆ ಸ್ವಚ್ಛವಾದ ಕನ್ನಡವಾಗಿ ಕಂಡರೂ, ಒಳಗೆ ಅರ್ಥಹೀನವಾದ ಇಂಗ್ಲಿಷ್ ಅಕ್ಷರಗಳ ರಾಶಿ; ಸ್ಕ್ರೀನ್ ರೀಡರ್ ಅದನ್ನು ಓದಿದರೆ ಹೊರಡುವುದು ಗದ್ದಲ. ಪುಟಗಳನ್ನು ಬರಿಯ ಚಿತ್ರಗಳಾಗಿ ಸ್ಕ್ಯಾನ್ ಮಾಡಿಟ್ಟ ಪುಸ್ತಕವು ಅಷ್ಟೂ ಮಾಡದೆ ಮೌನವಾಗಿರುತ್ತದೆ.

ವಿಜ್ಞಾನೇಶ್ವರನ ಬಳಿಗೆ ಮರಳಿ ಹೋಗಲು ಇದು ಸರಿಯಾದ ಸ್ಥಳ. ಅನರ್ಹತೆಯ ವಿಧಿಯನ್ನು ವಿವರಿಸುವಾಗ ಅವನು ಒಂದು ಉಪಾಧಿಯನ್ನೂ ಹೇಳುತ್ತಾನೆ: ಔಷಧಾದಿಗಳಿಂದ ದೋಷವು ಪರಿಹಾರವಾದರೆ ಅನರ್ಹನು ಮತ್ತೆ ಪಾಲಿಗೆ ಭಾಗಿಯಾಗುತ್ತಾನೆ. ಅವನ ಮನಸ್ಸಿನಲ್ಲಿದ್ದ ದೋಷವು ದಾಯಾದನ ದೇಹದಲ್ಲಿತ್ತು. ಗ್ರಂಥದ ವಿಷಯದಲ್ಲಿ ನಾವು ಕಂಡ ದೋಷವು ದಾಯಾದನಲ್ಲಿಲ್ಲ, ಸೊತ್ತಿನ ಸ್ಥಿತಿಯಲ್ಲಿದೆ. ಅದನ್ನು ಸರಿಪಡಿಸುವ ಔಷಧವೂ ನಮ್ಮ ಕೈಯಲ್ಲಿದೆ. ವ್ಯಾಖ್ಯಾನಕಾರನ ನ್ಯಾಯವನ್ನು ಅವನ ಉದಾಹರಣೆಯಿಂದ ಬಿಡಿಸಿ ಅನುಸರಿಸಿದರೆ, ಅಂಧನ ಪಾಲು ಎಂದೂ ಕಳೆದುಹೋಗಿರಲಿಲ್ಲ, ಬೀಗ ಹಾಕಿತ್ತು ಅಷ್ಟೆ ಎಂದು ಹೇಳಬೇಕಾಗುತ್ತದೆ.

ಬೀಗದ ಒಂದು ಭಾಗವಾಗಿದ್ದ ಕೃತಿಸ್ವಾಮ್ಯವು ಈಗ ಸಡಿಲವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು, ವಿಕಲತೆಯುಳ್ಳವರಿಗಾಗಿ ಲಾಭದ ಉದ್ದೇಶವಿಲ್ಲದೆ ಗ್ರಂಥಗಳನ್ನು ಅವರಿಗೆ ಅನುಕೂಲವಾದ ರೂಪಕ್ಕೆ ಪರಿವರ್ತಿಸಲು ಅವಕಾಶವಿತ್ತಿತು. 2013ರ ಜೂನ್ ತಿಂಗಳಲ್ಲಿ ಮೊರಾಕ್ಕೊ ದೇಶದ ಮರ್ರಕೇಶ್ ನಗರದಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವು ರೂಪುಗೊಂಡಾಗ, ಅದನ್ನು 2014ರಲ್ಲಿ ಮೊತ್ತಮೊದಲು ಅನುಮೋದಿಸಿದ ರಾಷ್ಟ್ರ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರ್ಜಾಲ ಗ್ರಂಥಾಲಯವು ಆರಂಭವಾಯಿತು. ಅಂಧರಿಗಾಗಿ ಸಿದ್ಧಪಡಿಸಿದ ಸಾಹಿತ್ಯವನ್ನು ಅಂಚೆ ಇಲಾಖೆಯು ಶುಲ್ಕವಿಲ್ಲದೆ ಒಯ್ಯುತ್ತದೆ. ಕಾನೂನು ಮಾಡಬೇಕಾದುದನ್ನು ಬಹುಮಟ್ಟಿಗೆ ಮಾಡಿದೆ. ಉಳಿದಿರುವುದು ಗ್ರಂಥಾಲಯದ ಕೆಲಸ.

ಆ ಕೆಲಸದ ಸ್ವರೂಪವನ್ನು ಬಹಳ ಹಿಂದೆಯೇ ನಿರೂಪಿಸಿದವರು, ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು, ಅಲ್ಲಿಯೇ 1962ರಲ್ಲಿ ಪ್ರಲೇಖನ ಶಿಕ್ಷಣದ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ನರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ವಾಚಕನಿಗೂ ಅವನ ಗ್ರಂಥವನ್ನು ಒದಗಿಸಬೇಕೆನ್ನುತ್ತದೆ, ಮೂರನೆಯದು ಪ್ರತಿ ಗ್ರಂಥಕ್ಕೂ ಅದರ ವಾಚಕನನ್ನು ಒದಗಿಸಬೇಕೆನ್ನುತ್ತದೆ. ಎರಡನೆಯ ಸೂತ್ರದ ‘ಪ್ರತಿ’ ಎಂಬುದರಲ್ಲಿ ಕಣ್ಣಿನ ಷರತ್ತು ಎಲ್ಲಿಯೂ ಇಲ್ಲ. ತಾಲ್ಲೂಕಿನ ಗ್ರಂಥಾಲಯವೊಂದು ಈ ಸೂತ್ರಕ್ಕೆ ನಿಷ್ಠವಾಗಿರಬೇಕಾದರೆ ಅರಮನೆಯಂಥ ಕಟ್ಟಡ ಬೇಕಾಗಿಲ್ಲ: ಕನ್ನಡದ ಧ್ವನಿಯನ್ನಳವಡಿಸಿದ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್, ಅಚ್ಚಿನ ಪುಟವನ್ನು ಪಠ್ಯವನ್ನಾಗಿ ಮಾಡುವ ಸ್ಕ್ಯಾನರ್, ಕೇಳಿಯೂ ತಿಳಿಯಬಹುದಾದ ಗ್ರಂಥಸೂಚಿ, ಮಂದದೃಷ್ಟಿಯವರಿಗಾಗಿ ದೊಡ್ಡಕ್ಷರದ ಪುಸ್ತಕಗಳು, ಭೂತಗನ್ನಡಿ, ಕಣ್ಣು ಕೋರೈಸದ ಒಳ್ಳೆಯ ಬೆಳಕು, ಎಲ್ಲಕ್ಕಿಂತ ಮೊದಲು, ಬಂದವನ ಜೊತೆಯಲ್ಲಿರುವವರನ್ನು ಬಿಟ್ಟು ಬಂದವನನ್ನೇ ನೇರವಾಗಿ ‘ತಮಗೆ ಯಾವ ಪುಸ್ತಕ ಬೇಕು?’ ಎಂದು ಕೇಳಬಲ್ಲ ಗ್ರಂಥಪಾಲಕ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರು ಬಂದಿದೆ, ಅಷ್ಟು ದೊಡ್ಡ ಹೆಸರನ್ನು ಹೊತ್ತ ಮನೆಯಲ್ಲಿ ಇಷ್ಟು ಸಣ್ಣ ಸಲಕರಣೆಗಳಿಗೆ ಸ್ಥಳವಿಲ್ಲವೆನ್ನಲಾಗದು.

ಇಷ್ಟು ವೆಚ್ಚಕ್ಕೆ ಬರುವ ವಾಚಕರು ಎಷ್ಟು ಮಂದಿ ಎಂಬ ಪ್ರಶ್ನೆಯು ಆಡಳಿತದವರ ಬಾಯಲ್ಲಿ ಬರುವುದು ಸ್ವಾಭಾವಿಕ. ಆದರೆ ಬಾಗಿಲು ಮುಚ್ಚಿದ ಮನೆಗೆ ಬಂದವರನ್ನು ಎಣಿಸಿ ಬಾಗಿಲ ಅವಶ್ಯಕತೆಯನ್ನು ನಿರ್ಣಯಿಸುವುದು ತರ್ಕಶುದ್ಧವಲ್ಲ. ಅದಲ್ಲದೆ ದಾಯದ ಹಕ್ಕು ದಾಯಾದರ ಸಂಖ್ಯೆಯನ್ನು ಅವಲಂಬಿಸಿದ್ದೂ ಅಲ್ಲ, ಒಬ್ಬನೇ ಇದ್ದರೂ ಅವನ ಅಂಶ ಅವನದೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿತೆರಿಗೆಯ ಜೊತೆಯಲ್ಲಿ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಮನೆಯ ಯಜಮಾನನು ಅಂಧನೆಂದು ಆ ಕರದಲ್ಲಿ ವಿನಾಯಿತಿಯೇನೂ ದೊರೆಯುವುದಿಲ್ಲ. ವೆಚ್ಚಕ್ಕೆ ಪಾಲುದಾರನಾದವನು ಫಲಕ್ಕೆ ಮಾತ್ರ ಅತಿಥಿಯಾಗಬೇಕೆಂಬುದು ಯಾವ ಸ್ಮೃತಿಯೂ ಒಪ್ಪದ ವ್ಯವಹಾರ. ಪೊರೆಯೋ ಮುಪ್ಪೋ ಕಣ್ಣನ್ನು ಮಬ್ಬಾಗಿಸಿದಾಗ ಇಂದು ಓದುತ್ತಿರುವ ನಮ್ಮಲ್ಲಿಯೂ ಅನೇಕರು ಆ ಸಾಲಿಗೆ ಸೇರತಕ್ಕವರೆಂಬ ಸ್ವಾರ್ಥದ ಯುಕ್ತಿಯನ್ನೂ ಬೇಕಾದವರು ಸೇರಿಸಿಕೊಳ್ಳಬಹುದು. ಆದರೆ ಆ ಯುಕ್ತಿಯ ಆಸರೆಯಿಲ್ಲದೆಯೂ ವಾದವು ನಿಲ್ಲುತ್ತದೆ.

ಎಲ್ಲ ಆಸ್ತಿಗಳಿಗಿಂತ ವಿದ್ಯೆಗೆ ಒಂದು ವಿಶೇಷವುಂಟು. ಹೊಲವನ್ನು ಹಂಚಿದರೆ ಒಬ್ಬೊಬ್ಬನ ಪಾಲು ಕಿರಿದಾಗುತ್ತದೆ. ಆದುದರಿಂದ ಹೊಲದ ವಿಷಯದಲ್ಲಿ ದುರ್ಬಲನನ್ನು ಹೊರಗಿಟ್ಟ ಅಣ್ಣತಮ್ಮಂದಿರಿಗೆ ಲೋಭವೆಂಬ ಕಾರಣವಾದರೂ ಇತ್ತು. ವಿದ್ಯೆಯನ್ನು ಹಂಚಿದರೆ ಯಾರ ಪಾಲೂ ಕಿರಿದಾಗುವುದಿಲ್ಲ. ಇಲ್ಲಿ ಹೊರಗಿಡುವವನಿಗೆ ಲಾಭವಿಲ್ಲ, ಲೋಭದ ನೆಪವೂ ಇಲ್ಲ, ಉಳಿಯುವುದು ಔದಾಸೀನ್ಯ ಒಂದೇ. ಲೋಭವನ್ನು ಗೆಲ್ಲಲು 1928ರಲ್ಲಿ ಒಂದು ಶಾಸನ ಬೇಕಾಯಿತು. ಔದಾಸೀನ್ಯವನ್ನು ಶಾಸನವು ಗೆಲ್ಲಲಾರದು, ಅದು ಪ್ರತಿಯೊಂದು ಗ್ರಂಥಾಲಯದ ಮೇಜಿನ ಬಳಿ ದಿನದಿನವೂ ಗೆಲ್ಲಬೇಕಾದದ್ದು. ಕರುಣೆಗೂ ಅಲ್ಲಿ ಸ್ಥಾನವಿಲ್ಲದಿಲ್ಲ. ಆದರೆ ಮೊದಲು ಅಂಶವನ್ನು ಒಪ್ಪಿಸಿದ ಮೇಲೆ ಅದು ಬರಲಿ. ಪಾಲನ್ನು ಹಿಡಿದಿಟ್ಟುಕೊಂಡು ತೋರಿಸುವ ಕರುಣೆಯನ್ನು, ಎಷ್ಟೇ ಮೃದುವಾಗಿ ತೋರಿಸಿದರೂ, ಋಣವೆಂದೇ ಲೆಕ್ಕ ಬರೆಯಬೇಕು.